981 ಬರಲೇಬೇಕೆ?

ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಮಧ್ಯಾಹ್ನ. ದಾರದ ತುದಿಗೆ ಕಟ್ಟಿದ ಲೋಹದ ಗುಂಡೊಂದು ಅತ್ತಿಂದಿತ್ತ ತೂಗಾಡುತ್ತಿದೆ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ವಿದ್ಯಾರ್ಥಿಯು ತುಟಿ ಅಲುಗದಂತೆ ಇಪ್ಪತ್ತು ಆಂದೋಲನಗಳನ್ನು ಎಣಿಸುತ್ತಾನೆ. ದಾರದ ಉದ್ದವನ್ನು ಹೆಚ್ಚಿಸಿ ಮತ್ತೆ ಎಣಿಸುತ್ತಾನೆ. ಕೊನೆಗೆ ಗುಣಿಸಿ ಭಾಗಿಸಿ ನೋಡಿದರೆ ಭೂಮಿಯ ಗುರುತ್ವ ವೇಗೋತ್ಕರ್ಷವು 978 ಎಂದು ಬರುತ್ತದೆ. ಪಠ್ಯಪುಸ್ತಕದಲ್ಲಿ ಇರುವುದು 981. ವಿದ್ಯಾರ್ಥಿಯ ಮುಖ ಸಪ್ಪಗಾಗುತ್ತದೆ. ಪಕ್ಕದ ಮೇಜಿನ ಗೆಳೆಯನ ಕಡೆಗೊಮ್ಮೆ, ಉಪಾಧ್ಯಾಯರ ಕಡೆಗೊಮ್ಮೆ ನೋಡಿ, ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ ಒಂದೆರಡು ಅಂಕಿಗಳನ್ನು ರಬ್ಬರಿನಿಂದ ಉಜ್ಜಿ "ಸರಿಪಡಿಸಿ", ರೆಕಾರ್ಡ್ ಪುಸ್ತಕದಲ್ಲಿ ದುಂಡಗೆ 981 ಎಂದು ಬರೆಯುತ್ತಾನೆ. ಉಪಾಧ್ಯಾಯರ ರುಜು ಬೀಳುತ್ತದೆ. ಹತ್ತಕ್ಕೆ ಹತ್ತು ಅಂಕ. ಆ ಸಂಜೆ ಮನೆಯಲ್ಲಿ ತಂದೆತಾಯಿಗಳಿಗೂ ಸಂತೋಷ.

ಆ ವಿದ್ಯಾರ್ಥಿಯ ಕಾಲೇಜು ಬೆಂಗಳೂರಿನಲ್ಲಿದ್ದರೆ, ಆತನು ಅಳಿಸಿಹಾಕಿದ್ದೇ ಸತ್ಯ, ಬರೆದಿಟ್ಟದ್ದು ಸುಳ್ಳು! ಭೂಮಿಯು ತಿರುಗುವ ಬುಗುರಿಯಾದ್ದರಿಂದ ನಡುವಿನಲ್ಲಿ ಕೊಂಚ ಉಬ್ಬಿದೆ. ಧ್ರುವಗಳಲ್ಲಿ ಸೆಕೆಂಡಿಗೆ ಸೆಕೆಂಡಿಗೆ 983 ಸೆಂಟಿಮೀಟರಿನಷ್ಟಿರುವ ಗುರುತ್ವ ವೇಗೋತ್ಕರ್ಷವು ಸಮಭಾಜಕ ವೃತ್ತದ ಬಳಿ ಸುಮಾರು 978ಕ್ಕೆ ಇಳಿಯುತ್ತದೆ. ಬೆಂಗಳೂರು ಸಮಭಾಜಕ ವೃತ್ತದಿಂದ ಕೇವಲ 13 ಡಿಗ್ರಿ ಉತ್ತರಕ್ಕಿದೆ. ಮೇಲಾಗಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ನಿಜವಾದ ಬೆಲೆ ಸುಮಾರು 978. 981 ಎಂಬುದು ದೂರದ ಯೂರೋಪಿನ ಊರುಗಳಿಗೆ ಹೊಂದುವ ಅಂಕಿ.

ಸ್ಟಾಪ್‌ವಾಚ್ ಮತ್ತು ದಾರದಿಂದ ಇಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಖಚಿತವಾಗಿ ಹಿಡಿಯಲು ಬಹಳ ತಾಳ್ಮೆ ಬೇಕು, ನಿಜ. ಹಾಗೆ ಬಂದ 978 ಬರಿಯ ಅದೃಷ್ಟವೂ ಆಗಿರಬಹುದು. ಆದರೆ ಅದು ಅದೃಷ್ಟವೋ ನಿಜವೋ ಎಂದು ತಿಳಿಯಬೇಕೆಂಬ ಹಟ ಹುಟ್ಟಿ, ಮರುದಿನ ಮತ್ತೆ ದಾರ ಕಟ್ಟಿದ್ದರೆ, ಆ ಹುಡುಗನು ಪ್ರಯೋಗದ ಪಾಠವನ್ನು ದಾಟಿ ಸಂಶೋಧನೆಯ ಹೊಸ್ತಿಲಿಗೆ ಬಂದಿರುತ್ತಿದ್ದನು. ಪಾಠದ ಪ್ರಯೋಗದಲ್ಲಿ ಉತ್ತರವು ಮೊದಲೇ ಗೊತ್ತಿರುತ್ತದೆ; ಸಂಶೋಧನೆಯಲ್ಲಿ ಉತ್ತರವನ್ನು ಬರೆದಿಟ್ಟ ಪುಸ್ತಕವೇ ಇರುವುದಿಲ್ಲ. ಈ ಹೊಸ್ತಿಲನ್ನು ದಾಟಲು ಎಂ.ಎಸ್‌ಸಿ. ಆಗಬೇಕು, ಡಾಕ್ಟರೇಟಿಗೆ ಹೆಸರು ನೋಂದಾಯಿಸಬೇಕು, ತಲೆ ನರೆಯಬೇಕು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಮದರಾಸಿನ ಒಂದೇ ಕಾಲೇಜಿನ, ಒಂದೇ ಮನೆತನದ ಇಬ್ಬರು ಹುಡುಗರ ಕಥೆಯು ಬೇರೆಯದನ್ನು ಹೇಳುತ್ತದೆ.

ಓರೆಯಾಗಿ ಬಿದ್ದ ಬೆಳಕು

1906ನೆಯ ಇಸವಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಚಂದ್ರಶೇಖರ ವೆಂಕಟರಾಮನ್ ಎಂಬ ವಿದ್ಯಾರ್ಥಿಯಿದ್ದನು. ಬಿ.ಎ. ಪರೀಕ್ಷೆಯನ್ನು 1904ರಲ್ಲಿಯೇ ಮೊದಲಿಗನಾಗಿ ಮುಗಿಸಿ, ಎಂ.ಎ. ಓದುತ್ತಿದ್ದನು. ಇನ್ನೂ ಹದಿನೆಂಟು ತುಂಬಿರಲಿಲ್ಲ. ಇಂದಿನ ಲೆಕ್ಕದಲ್ಲಿ ಬಿ.ಎಸ್‌ಸಿ. ಮೊದಲ ವರ್ಷದ ಹುಡುಗನ ವಯಸ್ಸು. ಪ್ರಾಧ್ಯಾಪಕ ಜೋನ್ಸರು ಈ ಹುಡುಗನ ಯೋಗ್ಯತೆಯನ್ನರಿತು ಒಂದು ದೊಡ್ಡ ಉಪಕಾರ ಮಾಡಿದರು: ತರಗತಿಗಳಿಗೆ ಬಂದೇ ತೀರಬೇಕೆಂದು ಒತ್ತಾಯಿಸಲಿಲ್ಲ, ಪ್ರಯೋಗಶಾಲೆಯಲ್ಲಿ ತನ್ನ ಪಾಡಿಗೆ ತಾನಿರಲು ಬಿಟ್ಟರು. ಸಂಶೋಧನೆಗೆ ಬೇಕಾದ ಸಲಕರಣೆಗಳಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ.

ಗಾಜಿನ ಪಟ್ಟಕದ ಕೋನವನ್ನು ಸ್ಪೆಕ್ಟ್ರಾಮೀಟರಿನಿಂದ ಅಳೆಯುವುದು ಇಂದಿಗೂ ಪ್ರತಿಯೊಬ್ಬ ಭೌತವಿಜ್ಞಾನದ ವಿದ್ಯಾರ್ಥಿಯೂ ಮಾಡುವ ಪ್ರಯೋಗ. ಪಟ್ಟಕದ ಮುಖದಿಂದ ಪ್ರತಿಫಲಿಸಿದ ಬೆಳಕನ್ನು ದೂರದರ್ಶಕದಲ್ಲಿ ಹಿಡಿದು, ಅಳತೆಯನ್ನು ಓದಿ, ಬರೆದುಕೊಂಡರೆ ಮುಗಿಯಿತು. ರಾಮನ್ ಬೆಳಕನ್ನು ಪಟ್ಟಕದ ಮುಖದ ಮೇಲೆ ಬಹಳ ಓರೆಯಾಗಿ ಬೀಳಿಸಿದಾಗ ದೂರದರ್ಶಕದಲ್ಲಿ ಕಪ್ಪು-ಬಿಳುಪಿನ ಪಟ್ಟೆಗಳು ಕಾಣಿಸಿಕೊಂಡವು. ಇದರಲ್ಲಿ ಆಶ್ಚರ್ಯವಿರಲಿಲ್ಲ. ಕಿರಿದಾದ ಕಿಂಡಿಯ ಮೂಲಕ ಹಾಯ್ದ ಬೆಳಕು ಅಂಚುಗಳಲ್ಲಿ ಬಾಗಿ ಹರಡಿ, ನಡುವೆ ಪ್ರಕಾಶಮಾನವಾದ ಒಂದು ಪಟ್ಟೆಯನ್ನೂ ಎರಡು ಬದಿಗಳಲ್ಲಿ ಮಂಕಾಗುತ್ತ ಹೋಗುವ ಪಟ್ಟೆಗಳನ್ನೂ ಮೂಡಿಸುತ್ತದೆ. ವಿವರ್ತನೆ ಎಂದು ಅದಕ್ಕೆ ಹೆಸರು. ಓರೆಯಾಗಿ ನೋಡಿದಾಗ ಪಟ್ಟಕದ ಮುಖವೇ ಒಂದು ಕಿರಿದಾದ ಆಯಾಕಾರದ ಕಿಂಡಿಯಂತಾಗಿತ್ತು. ಆದರೆ ಪುಸ್ತಕಗಳಲ್ಲಿನ ಚಿತ್ರದಲ್ಲಿ ಎಡಬಲದ ಪಟ್ಟೆಗಳು ಕನ್ನಡಿಯಲ್ಲಿ ಕಂಡಂತೆ ಸಮನಾಗಿದ್ದವು. ರಾಮನ್ನರ ಕಣ್ಣೆದುರಿಗಿದ್ದವು ಹಾಗಿರಲಿಲ್ಲ. ಒಂದು ಬದಿಯ ಪಟ್ಟೆಗಳು ಅಗಲ, ಇನ್ನೊಂದು ಬದಿಯವು ಇಕ್ಕಟ್ಟು.

ಆ ಪ್ರಯೋಗದಲ್ಲಿ ಪಟ್ಟೆಗಳ ಅಗಲವನ್ನು ಯಾರೂ ಕೇಳಿರಲಿಲ್ಲ. ಪರೀಕ್ಷೆಗೆ ಅದು ಬೇಕಿರಲಿಲ್ಲ. ಅದೇ ಉಪಕರಣದ ಮುಂದೆ ಎಷ್ಟು ತಂಡಗಳ ವಿದ್ಯಾರ್ಥಿಗಳು ಕುಳಿತು ಎದ್ದುಹೋಗಿದ್ದರೋ! ರಾಮನ್ನರು ಮಾತ್ರ ಕೋನವನ್ನು ಬದಲಿಸುತ್ತ ಪಟ್ಟೆಗಳನ್ನು ಅಳೆದರು, ಬೆಳಕಿನ ಅಲೆಯ ಸಿದ್ಧಾಂತದಿಂದ ಆ ಏರುಪೇರು ಎಷ್ಟಿರಬೇಕೆಂದು ಲೆಕ್ಕ ಹಾಕಿದರು, ಅಳತೆಗೂ ಲೆಕ್ಕಕ್ಕೂ ತಾಳೆ ನೋಡಿದರು. ಬರೆದ ಲೇಖನವನ್ನು ಲಂಡನ್ನಿನ "ಫಿಲಸಾಫಿಕಲ್ ಮ್ಯಾಗಜೀನ್" ಪತ್ರಿಕೆಗೆ ಕಳುಹಿಸಿದರು. 1906ರ ನವೆಂಬರ್ ಸಂಚಿಕೆಯಲ್ಲಿ ಅದು ಐದು ಪುಟಗಳಲ್ಲಿ ಅಚ್ಚಾಯಿತು. ಅದೇ ತಿಂಗಳ 7ರಂದು ರಾಮನ್ನರಿಗೆ ಹದಿನೆಂಟು ತುಂಬಿತು.

ಆ ಲೇಖನವು ಪ್ರಪಂಚವನ್ನೇನೂ ನಡುಗಿಸಲಿಲ್ಲ. ಸಣ್ಣ ವಿಷಯ, ಸಣ್ಣ, ಸ್ವಚ್ಛವಾದ ಉತ್ತರ. ಮೊದಲ ಸಂಶೋಧನೆಯೆಂದರೆ ನೊಬೆಲ್ ಬಹುಮಾನಕ್ಕೆ ಅರ್ಜಿಯೆಂದು ಭಾವಿಸಿ ಹಿಂಜರಿಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಅಂದು ಹುಟ್ಟಿದ್ದು ಕಣ್ಣಿನ ಅಭ್ಯಾಸ. ಅದು ಮುಂದೆ ಏನು ಮಾಡಿತೆಂಬುದು ಬೇರೆ ಮಾತು.

ಬೇರೆ ಮಾತಾದರೂ ಸ್ವಲ್ಪದರಲ್ಲಿ ಹೇಳಬೇಕಾದದ್ದು. ಇಂಗ್ಲೆಂಡಿಗೆ ಹೋಗಿ ಓದಬೇಕೆಂದು ಅಧ್ಯಾಪಕರು ಹೇಳಿದರು. ಅಲ್ಲಿನ ಹವೆಯನ್ನು ಈ ಸಣಕಲು ಶರೀರ ತಡೆಯದೆಂದು ವೈದ್ಯರು ಹೇಳಿದರು. ಉಳಿದದ್ದು ಸರ್ಕಾರಿ ನೌಕರಿ. 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ರಾಮನ್ನರು ಅದೇ ವರ್ಷ ಲೋಕಸುಂದರಿಯವರನ್ನು ಮದುವೆಯಾಗಿ, ಲೆಕ್ಕಪತ್ರದ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಯಾವ ಮಧ್ಯಮವರ್ಗದ ತಂದೆಗೂ ಇದಕ್ಕಿಂತ ನೆಮ್ಮದಿ ಬೇರೆ ಬೇಕೆ? ಆದರೆ ಆ ಅಧಿಕಾರಿಯು ಕಚೇರಿಗೆ ಹೋಗುವ ಮುನ್ನ ಬೆಳಗಿನ ಜಾವದಲ್ಲಿಯೂ ಕಚೇರಿ ಬಿಟ್ಟ ಮೇಲೆ ರಾತ್ರಿಯವರೆಗೂ ಬೌಬಜಾರ್ ಬೀದಿಯ 210ನೆಯ ನಂಬರಿನ ಕಟ್ಟಡದಲ್ಲಿ ಕಳೆಯತೊಡಗಿದರು. ಅಲ್ಲಿದ್ದುದು 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಸ್ಥಾಪಿಸಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆ. ಬಹುಕಾಲದಿಂದ ಕೆಲಸ ಮಾಡುವವರಿಲ್ಲದೆ ಧೂಳು ತಿನ್ನುತ್ತಿತ್ತು. ಸಹಾಯಕ್ಕೆ ಆಶುತೋಷ ಡೇ ಎಂಬವರೊಬ್ಬರು. ಕಾಲೇಜಿನ ಮೆಟ್ಟಿಲನ್ನು ಹತ್ತದ ಈ ಆಶುಬಾಬು ಮುಂದೆ ರಾಮನ್ನರ ಸಂಶೋಧನ ಲೇಖನಗಳಲ್ಲಿ ಸಹಲೇಖಕರಾಗಿ ಹೆಸರು ಪಡೆದರು. 1917ರಲ್ಲಿ ರಾಮನ್ನರು ದೊಡ್ಡ ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟು ಕಡಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಬಂದರು. 1928ರ ಫೆಬ್ರವರಿ 28, 1930ರ ನೊಬೆಲ್ ಬಹುಮಾನ - ಇವು ಎಲ್ಲರೂ ಬಲ್ಲವು.

ಹೋಟೆಲಿನ ಕೋಣೆಗೆ ಹೋದ ಹುಡುಗ

ರಾಮನ್ನರ ಅಣ್ಣ ಸುಬ್ರಹ್ಮಣ್ಯ ಅಯ್ಯರ್ ಅವರೂ ಲೆಕ್ಕಪತ್ರ ಇಲಾಖೆಯ ಅಧಿಕಾರಿಗಳು. ಅವರ ಹಿರಿಯ ಮಗ ಚಂದ್ರಶೇಖರ್ 1925ರಲ್ಲಿ ಅದೇ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದನು. ಹುಡುಗನಿಗೆ ಗಣಿತದ ಹುಚ್ಚು. ತಂದೆಗೆ ಮಗನು ಐ.ಸಿ.ಎಸ್. ಅಧಿಕಾರಿಯಾಗಬೇಕೆಂಬ ಆಸೆ, ಅದಕ್ಕೆ ಭೌತವಿಜ್ಞಾನವೇ ಅನುಕೂಲವೆಂದು ಅವರ ಎಣಿಕೆ. ಹಾಗಾಗಿ ಭೌತವಿಜ್ಞಾನದ ಆನರ್ಸ್ ತರಗತಿಗೆ ಹೆಸರು ಕೊಟ್ಟು, ಹುಡುಗನು ಗಣಿತದ ತರಗತಿಗಳಿಗೂ ಹೋಗಿ ಕುಳಿತುಕೊಳ್ಳುತ್ತಿದ್ದನು. ತಾಯಿ ಸೀತಾಲಕ್ಷ್ಮಿಯವರು ಮಾತ್ರ ಮಗನ ಪಕ್ಷ. ಇಬ್ಸನ್ನನ ನಾಟಕವೊಂದನ್ನು ತಮಿಳಿಗೆ ತಂದಿದ್ದ ಆಕೆಗೆ ಓದಿನ ರುಚಿ ತಿಳಿದಿತ್ತು.

1928ರ ಬೇಸಗೆಯನ್ನು ಚಂದ್ರಶೇಖರ್ ಕಲ್ಕತ್ತೆಯಲ್ಲಿ ಚಿಕ್ಕಪ್ಪನ ಪ್ರಯೋಗಶಾಲೆಯಲ್ಲಿ ಕಳೆದನು. ಬೆಳಕಿನ ಹೊಸ ಪರಿಣಾಮವನ್ನು ಕಂಡುಹಿಡಿದು ಕೆಲವೇ ತಿಂಗಳು ಕಳೆದಿದ್ದ ಕಾಲ ಅದು, ಪ್ರಯೋಗಶಾಲೆಯೇ ಕುದಿಯುತ್ತಿತ್ತು. ಇಂದು ವಿದ್ಯಾರ್ಥಿಗಳಿಗೆ ಬೇಸಗೆಯ ಸಂಶೋಧನಾ ವೇತನ ಕೊಟ್ಟು ಕರೆಸಿಕೊಳ್ಳುವ ಏರ್ಪಾಡೇನಿದೆಯೋ ಅದು ಈ ಹುಡುಗನಿಗೆ ನೆಂಟಸ್ತಿಕೆಯಿಂದ ದೊರೆಯಿತೆನ್ನಬಹುದು. ಎಲ್ಲರಿಗೂ ರಾಮನ್ನರಂತಹ ಚಿಕ್ಕಪ್ಪ ಇರುವುದಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು.

ಆದರೆ ಮುಂದಿನ ಹೆಜ್ಜೆಗೆ ಯಾವ ನೆಂಟಸ್ತಿಕೆಯೂ ಕಾರಣವಲ್ಲ. ಅದೇ ವರ್ಷ ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಆರ್ನಾಲ್ಡ್ ಸೋಮರ್‌ಫೆಲ್ಡ್ ಮದರಾಸಿಗೆ ಬಂದು ಕಾಲೇಜಿನಲ್ಲಿ ಉಪನ್ಯಾಸ ಮಾಡಿದರು. ಪರಮಾಣುವಿನ ರಚನೆಯ ಮೇಲೆ ಅವರು ಬರೆದಿದ್ದ ಗ್ರಂಥವನ್ನು ಚಂದ್ರಶೇಖರ್ ಆಗಲೇ ಓದಿ ಅರಗಿಸಿಕೊಂಡಿದ್ದನು. ಹದಿನೆಂಟರ ಹುಡುಗನು ಧೈರ್ಯಮಾಡಿ ಅವರು ಇಳಿದುಕೊಂಡಿದ್ದ ಹೋಟೆಲಿಗೆ ಹೋಗಿ ಕೋಣೆಯ ಬಾಗಿಲು ತಟ್ಟಿದನು. ಹೊಗಳಿಕೆಯನ್ನು ನಿರೀಕ್ಷಿಸಿ ಹೋಗಿದ್ದನೋ ಏನೋ; ಸಿಕ್ಕಿದ್ದು ಆಘಾತ. ಆ ಗ್ರಂಥ ಬರೆದ ಮೇಲೆ ಭೌತವಿಜ್ಞಾನವೇ ಬದಲಾಗಿಹೋಗಿದೆ, ಹಳೆಯ ಕ್ವಾಂಟಂ ಸಿದ್ಧಾಂತದ ಕಾಲ ಮುಗಿಯಿತು ಎಂದು ಅದನ್ನು ಬರೆದವರೇ ಹೇಳಿದರು! ಹುಡುಗನ ಮುಖ ಕಂದಿದ್ದನ್ನು ಕಂಡಿರಬೇಕು. ಲೋಹಗಳಲ್ಲಿ ಎಲೆಕ್ಟ್ರಾನುಗಳ ವರ್ತನೆಯನ್ನು ಹೊಸ ಸಂಖ್ಯಾಶಾಸ್ತ್ರದಿಂದ ವಿವರಿಸಿದ್ದ, ಇನ್ನೂ ಪ್ರಕಟವಾಗಬೇಕಿದ್ದ ತಮ್ಮ ಲೇಖನದ ಕರಡಚ್ಚನ್ನು ಅವನ ಕೈಗಿತ್ತರು.

ಆ ಕರಡಚ್ಚನ್ನು ಹಿಡಿದುಕೊಂಡು ಚಂದ್ರಶೇಖರ್ ಕಾಲೇಜಿನ ಗ್ರಂಥಾಲಯವನ್ನು ಹೊಕ್ಕನು. ಅದೇ ಸಂಖ್ಯಾಶಾಸ್ತ್ರವನ್ನು ಕೇಂಬ್ರಿಜ್ಜಿನ ರಾಲ್ಫ್ ಫೌಲರ್ ನಕ್ಷತ್ರಗಳ ಒಡಲಿಗೆ ಅನ್ವಯಿಸಿ ಬರೆದಿದ್ದ ಲೇಖನವು ಕಣ್ಣಿಗೆ ಬಿತ್ತು. ಕೆಲವೇ ತಿಂಗಳಲ್ಲಿ ಹುಡುಗನು ತಾನೇ ಒಂದು ಲೇಖನ ಬರೆದು, ಪರಿಚಯಪತ್ರ, ಶಿಫಾರಸು ಒಂದೂ ಇಲ್ಲದೆ, 1929ರ ಜನವರಿಯಲ್ಲಿ ನೇರವಾಗಿ ಫೌಲರರಿಗೆ ಅಂಚೆಯಲ್ಲಿ ಕಳುಹಿಸಿದನು. ಫೌಲರ್ ಓದಿದರು, ತಿದ್ದುಪಡಿಗಳನ್ನು ಸೂಚಿಸಿದರು. ಅದು ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕನು ಇನ್ನೂ ಪದವಿ ಪರೀಕ್ಷೆಗೆ ಓದುತ್ತಿದ್ದನು.

1930ರಲ್ಲಿ ಕೇಂಬ್ರಿಜ್ಜಿಗೆ ಹೋಗಲು ಸರ್ಕಾರದ ವಿದ್ಯಾರ್ಥಿವೇತನ ದೊರೆತಾಗ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಹಿರಿಯ ಮಗನು ಈಗ ದೂರದೇಶಕ್ಕೆ ಹೋಗುವುದು ತರವೇ ಎಂದು ಬಂಧುಬಳಗದ ಪ್ರಶ್ನೆ. ಹೋಗಲೇಬೇಕೆಂದು ಹಟ ಹಿಡಿದವರು ಆ ತಾಯಿಯೇ. ಜುಲೈ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಮಗನು, ಸಮುದ್ರದ ಮೇಲಿನ ದಿನಗಳಲ್ಲಿ ಫೌಲರರ ಸಿದ್ಧಾಂತಕ್ಕೆ ಸಾಪೇಕ್ಷತೆಯ ಲೆಕ್ಕವನ್ನು ಕೂಡಿಸಿ ನೋಡಿದಾಗ, ಕುಸಿದು ತಣ್ಣಗಾಗುವ ನಕ್ಷತ್ರದ ತೂಕಕ್ಕೆ ಒಂದು ಮಿತಿಯಿದೆಯೆಂಬುದು ಹೊಳೆಯಿತು. ಸೂರ್ಯನ ತೂಕದ ಸುಮಾರು 1.4 ಪಟ್ಟು ಎಂದು ಇಂದು ಅಂಗೀಕೃತವಾಗಿರುವ "ಚಂದ್ರಶೇಖರ್ ಮಿತಿ"ಯ ಮೂಲ ಇದು. ಅದಕ್ಕೆ ನೊಬೆಲ್ ಬಹುಮಾನ ಬಂದದ್ದು 1983ರಲ್ಲಿ. ಸೀತಾಲಕ್ಷ್ಮಿಯವರು 1931ರ ಮೇ ತಿಂಗಳಲ್ಲಿ ತೀರಿಕೊಂಡರು. ತಾಯಿ-ಮಗ ಮತ್ತೆ ಭೇಟಿಯಾಗಲಿಲ್ಲ.

ತೆರೆಯದ ಬಾಗಿಲು

ಈ ಎರಡು ಕಥೆಗಳನ್ನಷ್ಟೇ ಹೇಳಿ ನಿಲ್ಲಿಸಿದರೆ, ಬುದ್ಧಿಯಿದ್ದವನಿಗೆ ಬಾಗಿಲು ತಾನಾಗಿ ತೆರೆಯುತ್ತದೆಂಬ ತಪ್ಪು ಎಣಿಕೆ ಓದುಗರಿಗೆ ಬರಬಹುದು. ಬಾಗಿಲ ಒಳಗೆ ಯಾರೋ ಒಬ್ಬರು ನಿಂತಿರುತ್ತಾರೆ; ತೆರೆಯುವುದು ಬಿಡುವುದು ಅವರ ಕೈಯಲ್ಲಿದೆ.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆ ಅದು. ಅದೇ ವರ್ಷ ಮುಂಬಯಿ ವಿಶ್ವವಿದ್ಯಾನಿಲಯದಿಂದ ರಸಾಯನವಿಜ್ಞಾನದಲ್ಲಿ ಬಿ.ಎಸ್‌ಸಿ. ಪದವಿಯನ್ನು ಮೊದಲ ಸ್ಥಾನದಲ್ಲಿ ಗಳಿಸಿದ ಕಮಲಾ ಭಾಗವತ್ ಎಂಬ ತರುಣಿಯು ಅಲ್ಲಿ ಸಂಶೋಧನೆಗೆ ಅರ್ಜಿ ಹಾಕಿದಳು. ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದ್ದ ರಸಾಯನವಿಜ್ಞಾನಿಗಳು. ಯೋಗ್ಯತೆಯಲ್ಲಿ ಕೊರತೆಯಿರಲಿಲ್ಲ. ಆದರೂ ಅರ್ಜಿ ತಿರಸ್ಕೃತವಾಯಿತು. ಅರ್ಜಿದಾರಳು ಹೆಣ್ಣು ಎಂಬುದೇ ಕಾರಣ. ಹದಿನೇಳರ ಹುಡುಗನಾಗಿದ್ದಾಗ ಪ್ರಯೋಗಶಾಲೆಯ ಬಾಗಿಲು ತನಗಾಗಿ ತೆರೆದಿದ್ದನ್ನು ಕಂಡ ರಾಮನ್ನರೇ ಇಲ್ಲಿ ಬಾಗಿಲು ಮುಚ್ಚಿದರು.

ಕಮಲಾ ಹಿಂದಿರುಗಲಿಲ್ಲ. ಬೆಂಗಳೂರಿಗೇ ಬಂದು, ನಿರ್ದೇಶಕರ ಎದುರು ನಿಂತು, ಕಾರಣ ಕೇಳಿದಳು, ಒಪ್ಪುವವರೆಗೆ ಜಗ್ಗಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು: ಒಂದು ವರ್ಷ ಪರೀಕ್ಷಾರ್ಥವಾಗಿ ಇರತಕ್ಕದ್ದು, ಕೆಲಸ ತೃಪ್ತಿಕರವೆಂದು ಕಂಡರೆ ಮಾತ್ರ ಮಾನ್ಯತೆ, ಇತರ ಸಂಶೋಧಕರ ಗಮನ ಕೆಡದಂತೆ ನಡೆದುಕೊಳ್ಳತಕ್ಕದ್ದು. ಕೊನೆಯ ಷರತ್ತನ್ನು ಓದಿದ ಇಂದಿನ ಹೆಣ್ಣುಮಕ್ಕಳಿಗೆ ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯದು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಆಕೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದಳು. ನಮ್ಮ ಅಡುಗೆಮನೆಯ ತೊಗರಿ-ಹೆಸರಿನ ಡಬ್ಬಿಗಳ ಒಳಗೆ ಏನಿದೆಯೆಂಬ ಪ್ರಶ್ನೆ ಅದು; ಬಡ ದೇಶದ ಊಟಕ್ಕೆ ನೇರವಾಗಿ ತಾಗುವ ಪ್ರಶ್ನೆ. ವರ್ಷ ಮುಗಿಯುವ ಹೊತ್ತಿಗೆ ರಾಮನ್ನರು ಮನಸ್ಸು ಬದಲಿಸಿ ಮಾನ್ಯತೆಯಿತ್ತರು; ಅಲ್ಲಿಂದ ಮುಂದೆ ಬೇರೆ ಹೆಣ್ಣುಮಕ್ಕಳಿಗೂ ದಾರಿಯಾಯಿತು. ಕಮಲಾ ಕೇಂಬ್ರಿಜ್ಜಿಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂದು ಹೆಸರಾದ ಅವರ ಮುಂದಿನ ಕೆಲಸವೂ ಆಹಾರದ ಪೋಷಕಾಂಶಗಳ ಮೇಲೆಯೇ ನಡೆಯಿತು.

ಇಂದು ಯಾರನ್ನು ಕೇಳಬೇಕು?

ಚಿಕ್ಕಪ್ಪನಿಲ್ಲದ, ಹೋಟೆಲಿನ ಬಾಗಿಲು ತಟ್ಟುವ ಧೈರ್ಯವೂ ಇಲ್ಲದ ವಿದ್ಯಾರ್ಥಿಯ ಗತಿಯೇನು? ಈ ಪ್ರಶ್ನೆಗೆ ಒಂದು ವ್ಯವಸ್ಥಿತ ಉತ್ತರವನ್ನು ಕೊಟ್ಟವರಲ್ಲಿ ಅಮೆರಿಕದ ಮಾರ್ಗರೆಟ್ ಮೆಕ್‌ವಿಕಾರ್ ಮುಖ್ಯರು. ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ 1969ರಲ್ಲಿ ಅವರು ಆರಂಭಿಸಿದ ಯೋಜನೆಯ ಪ್ರಕಾರ, ಪದವಿ ತರಗತಿಯ ಯಾವ ವಿದ್ಯಾರ್ಥಿಯಾದರೂ ಪ್ರಾಧ್ಯಾಪಕರೊಬ್ಬರ ಸಂಶೋಧನೆಯಲ್ಲಿ ಕಿರಿಯ ಸಹೋದ್ಯೋಗಿಯಾಗಿ ಸೇರಬಹುದು. ಅದಕ್ಕೆ ಅಂಕವನ್ನೋ ಸಂಬಳವನ್ನೋ ಪಡೆಯಬಹುದು. ಅನಂತರ ಈ ಪದ್ಧತಿ ಅನೇಕ ದೇಶಗಳಿಗೆ ಹರಡಿತು.

ನಮ್ಮಲ್ಲಿಯೂ ದಾರಿಗಳಿವೆ, ತಿಳಿದವರು ಕಡಮೆ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗದ ಅಕಾಡೆಮಿಗಳೊಡನೆ ಕೂಡಿ ಬೇಸಗೆಯ ಸಂಶೋಧನಾ ವೇತನಗಳನ್ನು ನೀಡುತ್ತ ಬಂದಿದೆ. ಆಯ್ಕೆಯಾದ ವಿದ್ಯಾರ್ಥಿಯು ದೇಶದ ಯಾವುದಾದರೊಂದು ಪ್ರಯೋಗಶಾಲೆಯಲ್ಲಿ ವಿಜ್ಞಾನಿಯೊಬ್ಬರ ಜೊತೆ ಸುಮಾರು ಎರಡು ತಿಂಗಳು ಕೆಲಸ ಮಾಡುತ್ತಾನೆ. ವೇತನವೂ ಪ್ರಯಾಣದ ಖರ್ಚೂ ದೊರೆಯುತ್ತವೆ. ಅಧ್ಯಾಪಕರಿಗೂ ಇದರಲ್ಲಿ ಅವಕಾಶವಿರುವುದು ಒಳ್ಳೆಯ ಸಂಗತಿ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರು ಕೇಂದ್ರವೂ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಇಂತಹ ಬೇಸಗೆಯ ಯೋಜನೆಗಳಿಗೆ ಹೆಸರಾದವು. ಭಾರತೀಯ ವಿಜ್ಞಾನ ಮಂದಿರವು 2011ರಲ್ಲಿ ನಾಲ್ಕು ವರ್ಷದ ಪದವಿಯನ್ನೇ ಆರಂಭಿಸಿ, ಅದರ ಕೊನೆಯ ವರ್ಷದಲ್ಲಿ ಸಂಶೋಧನೆಯನ್ನು ಪಾಠದ ಭಾಗವನ್ನಾಗಿ ಮಾಡಿತು.

ಅಣ್ಣಂದಿರು ಅಕ್ಕಂದಿರು ಹೇಳುವ ಹಳೆಯ ಸಲಹೆಗಳನ್ನು ಮಾತ್ರ ಒಮ್ಮೆ ವಿಚಾರಿಸಿ ನೋಡಬೇಕು. 1999ರಲ್ಲಿ ಆರಂಭವಾಗಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು 2022ರಲ್ಲಿ "ಇನ್‌ಸ್ಪೈರ್" ಯೋಜನೆಯೊಳಗೆ ವಿಲೀನವಾಯಿತು. ಆ ಪರೀಕ್ಷೆ ಈಗಿಲ್ಲ. ಸಂಶೋಧನೆಗೆ ಎಡೆಯಿದ್ದ ನಾಲ್ಕು ವರ್ಷದ ಪದವಿಯನ್ನು ಕರ್ನಾಟಕ 2021ರಲ್ಲಿ ಅಳವಡಿಸಿಕೊಂಡು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಹೀಗಾಗಿ ಇಲ್ಲಿನ ಸಾಮಾನ್ಯ ಪದವಿ ಕಾಲೇಜಿನ ವಿದ್ಯಾರ್ಥಿಗೆ ಬೇಸಗೆಯ ರಜವೇ ಮುಖ್ಯವಾದ ದಾರಿ. ಬೇಸಗೆಯ ಅವಕಾಶಗಳಿಗೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕಾಗುವುದರಿಂದ, ಪರೀಕ್ಷೆ ಮುಗಿಸಿ ಮಾವಿನಹಣ್ಣಿನ ಕಾಲದಲ್ಲಿ ಎಚ್ಚತ್ತವರಿಗೆ ಮುಂದಿನ ವರ್ಷವೇ ಗತಿ.

ಯೋಜನೆಯ ಹೊರಗೂ ವಿಜ್ಞಾನಿಗಳಿಗೆ ನೇರವಾಗಿ ಪತ್ರ ಬರೆಯಬಹುದು. ಫೌಲರರಿಗೆ ಬಂದ ಪತ್ರದ ಜೊತೆಗೆ ಒಂದು ಲೇಖನವಿತ್ತೆಂಬುದು ನೆನಪಿರಲಿ. ಲೇಖನ ಬೇಡ, ಒಂದು ಪ್ರಶ್ನೆಯಿದ್ದರೂ ಸಾಕು. ಆ ವಿಜ್ಞಾನಿ ಬರೆದ ಒಂದು ಲೇಖನವನ್ನು ಓದಿ, ಎಲ್ಲಿಯವರೆಗೆ ಅರ್ಥವಾಯಿತು, ಎಲ್ಲಿ ಕಾಲು ಸಿಕ್ಕಿಕೊಂಡಿತು ಎಂದು ಹತ್ತು ಸಾಲಿನಲ್ಲಿ ಬರೆದ ಪತ್ರಕ್ಕೆ ಉತ್ತರ ಬರುವ ಸಂಭವ ಹೆಚ್ಚು. "ತಮ್ಮ ಘನವಾದ ಸಂಶೋಧನೆಯಲ್ಲಿ ನನಗೆ ಅತೀವ ಆಸಕ್ತಿಯಿದೆ" ಎಂಬ ಒಂದೇ ಒಕ್ಕಣೆಯನ್ನು ಐವತ್ತು ಮಂದಿಗೆ ಕಳುಹಿಸಿದರೆ, ಅದು ಐವತ್ತು ಕಡೆಯಲ್ಲಿಯೂ ಒಂದೇ ಬುಟ್ಟಿಗೆ ಬೀಳುತ್ತದೆ.

ಒಳಗೆ ಕಾಲಿಟ್ಟ ಮೇಲೆ ಮೊದಲ ಎರಡು ವಾರ ನಿರಾಶೆಗೆ ಸಿದ್ಧರಾಗಿರಬೇಕು. ಗಾಜಿನ ಪಾತ್ರೆ ತೊಳೆಯುವುದು, ಉಪಕರಣದ ಶೂನ್ಯ ಸರಿಯಾಗಿದೆಯೇ ಎಂದು ದಿನವೂ ನೋಡುವುದು, ಕಂಪ್ಯೂಟರಿನಲ್ಲಿ ಬೇರೊಬ್ಬರು ಬರೆದಿಟ್ಟ ಲೆಕ್ಕದ ಸೂಚನೆಗಳನ್ನು ಬಿಡಿಸಿ ಓದುವುದು - ಇವೇ ಕೆಲಸ. ಟಿಪ್ಪಣಿ ಪುಸ್ತಕದ ನಿಯಮವೂ ಕಾಲೇಜಿನದಕ್ಕಿಂತ ಬೇರೆ. ಅಲ್ಲಿ ರಬ್ಬರಿಗೆ ಪ್ರವೇಶವಿಲ್ಲ. ತಪ್ಪಿದ ಅಳತೆಯ ಮೇಲೆ ಒಂದೇ ಗೀಟು ಎಳೆದು, ಕೆಳಗಿನ ಅಂಕಿ ಓದಲು ಬರುವಂತೆ ಬಿಡಬೇಕು, ತಾರೀಖು ಹಾಕಬೇಕು, ಹಾಳೆ ಹರಿಯಬಾರದು. ಎರಡು ತಿಂಗಳ ಕೊನೆಯಲ್ಲಿ ಬಹುಮಂದಿಗೆ ಸಿಗುವುದು "ಹೀಗೆ ಮಾಡಿದರೆ ಆಗುವುದಿಲ್ಲ" ಎಂಬ ಉತ್ತರ. ಊರಿಗೆ ಮರಳಿದಾಗ ನೆಂಟರು "ಏನು ಕಂಡುಹಿಡಿದೆ?" ಎಂದು ಕೇಳಿದರೆ ಇದನ್ನು ಹೇಳಲು ಸಂಕೋಚವಾಗುತ್ತದೆ. ಆಗಬೇಕಾಗಿಲ್ಲ. ಮುಂದಿನವನು ಅದೇ ದಾರಿಯಲ್ಲಿ ಎರಡು ತಿಂಗಳು ಕಳೆಯುವುದು ತಪ್ಪಿತು.

ಸಂಶೋಧನೆ ಎಲ್ಲರಿಗೂ ಒಗ್ಗುವುದೂ ಇಲ್ಲ. ಒಂದು ಬೇಸಗೆ ಕಳೆದು, ಇದು ತನ್ನ ಹಾದಿಯಲ್ಲವೆಂದು ಅರಿತು ಬ್ಯಾಂಕು ಸೇರಿದ ಹುಡುಗಿಗೆ ನಷ್ಟವೇನೂ ಆಗಲಿಲ್ಲ. ಡಾಕ್ಟರೇಟಿನ ಮೂರನೆಯ ವರ್ಷದಲ್ಲಿ ಅದನ್ನರಿಯುವುದಕ್ಕಿಂತ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅರಿಯುವುದು ಮೇಲಲ್ಲವೆ?

ಬೆಂಗಳೂರಿನಲ್ಲಿ 1948ರಲ್ಲಿ ರಾಮನ್ನರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯೂ ಕಾಲೇಜು ವಿದ್ಯಾರ್ಥಿಗಳನ್ನು ಅತಿಥಿಗಳಾಗಿ ಸೇರಿಸಿಕೊಳ್ಳುವ ಪದ್ಧತಿಯನ್ನಿಟ್ಟುಕೊಂಡಿದೆ. ಅಲ್ಲಿನ ಗ್ರಂಥಾಲಯದಲ್ಲಿ ಡಾಕ್ಟರೇಟಿಗಾಗಿ ಬರೆದ, ಆದರೆ ಡಾಕ್ಟರೇಟ್ ಪಡೆಯದ ಒಂದು ಪ್ರಬಂಧವಿದೆ. ಅದನ್ನು ಬರೆದವರು ಅಣ್ಣಾ ಮಣಿ. ಅವರೂ ಪ್ರೆಸಿಡೆನ್ಸಿ ಕಾಲೇಜಿನವರೇ. ಆನರ್ಸ್ ಪದವಿ ಪಡೆದು 1940ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ರಾಮನ್ನರ ಪ್ರಯೋಗಶಾಲೆಗೆ ಬಂದ ಅವರು ಮಾಣಿಕ್ಯ ಮತ್ತು ವಜ್ರಗಳು ಹೊಮ್ಮಿಸುವ ಬೆಳಕನ್ನು ಅಭ್ಯಾಸ ಮಾಡಿದರು. ಛಾಯಾಚಿತ್ರದ ಒಂದು ಫಲಕದ ಮೇಲೆ ವಜ್ರದ ಮಂದ ಬೆಳಕು ಮೂಡಲು ಹದಿನೈದು ಇಪ್ಪತ್ತು ಗಂಟೆ ಹಿಡಿಯುತ್ತಿತ್ತು. ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲಿಯೇ ಕಳೆಯಿತು. ಒಬ್ಬರೇ ಬರೆದ ಐದು ಲೇಖನಗಳು ಪ್ರಕಟವಾದವು. 1945ರಲ್ಲಿ ಪ್ರಬಂಧವನ್ನು ಒಪ್ಪಿಸಿದಾಗ, ಎಂ.ಎಸ್‌ಸಿ. ಪದವಿಯಿಲ್ಲದವರಿಗೆ ಡಾಕ್ಟರೇಟ್ ಕೊಡಲಾಗದೆಂದು ವಿಶ್ವವಿದ್ಯಾನಿಲಯವು ಹೇಳಿತು.

ಅಣ್ಣಾ ಮಣಿ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು, 1948ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿದರು. ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದು ಪ್ರಮಾಣಕ್ಕೆ ತಂದು ಅವು ನಮ್ಮ ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. 1976ರಲ್ಲಿ ಇಲಾಖೆಯ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಡಾಕ್ಟರೇಟಿಗೆ ಅವರು ಮತ್ತೆ ಅರ್ಜಿ ಹಾಕಲಿಲ್ಲ.